ಹೃದಯದ ಆಪರೇಷನ್ ಆದ ಮಗು ಮನೆಗೆ ಬಂದ ಮೇಲೆ

‘ಆಪರೇಷನ್ ಆಯಿತು, ಮಗು ಮನೆಗೆ ಬಂತು. ಇನ್ನು ನಾವು ಏನು ಮಾಡಬೇಕು, ಸಿಸ್ಟರ್?’ ಕಲಬುರಗಿಯ ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡುವ ನನಗೆ ಈ ಪ್ರಶ್ನೆ ಬಾರದ ವಾರವಿಲ್ಲ. ಕೇಳುವವರು ಜೇವರ್ಗಿ, ಸೇಡಂನವರು, ಔರಾದ್, ಹುಮನಾಬಾದಿನವರು, ಶಹಾಪುರ, ಗುರುಮಠಕಲ್‌ನವರು. ಆಪರೇಷನ್ ಆದದ್ದು ಒಬ್ಬರಿಗೆ ಬೆಂಗಳೂರಿನಲ್ಲಿ, ಒಬ್ಬರಿಗೆ ಹೈದರಾಬಾದಿನಲ್ಲಿ, ಇನ್ನೊಬ್ಬರಿಗೆ ಸೊಲ್ಲಾಪುರದಲ್ಲಿ. ಬಿಡುಗಡೆಯ ದಿನ ಅಲ್ಲಿನ ಸಿಬ್ಬಂದಿ ಎಲ್ಲವನ್ನೂ ಹೇಳಿಯೇ ಕಳಿಸಿರುತ್ತಾರೆ. ಆದರೆ ಹದಿನೈದು ದಿನ ನಿದ್ದೆಗೆಟ್ಟ ತಾಯಿಗೆ ಅದರಲ್ಲಿ ಎಷ್ಟು ತಲೆಗೆ ಹೋದೀತು? ರೈಲು ರಾಯಚೂರು ದಾಟುವಷ್ಟರಲ್ಲಿ ಅರ್ಧ ಮರೆತಿರುತ್ತದೆ. ಹಾಗಾಗಿ ಹಂತ ಹಂತವಾಗಿ ಬರೆದಿಡುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳುತ್ತೇನೆ. ಇಲ್ಲಿರುವುದಕ್ಕೂ ನಿಮ್ಮ ಆಸ್ಪತ್ರೆಯವರು ಹೇಳಿದ್ದಕ್ಕೂ ವ್ಯತ್ಯಾಸ ಕಂಡರೆ ಅವರ ಮಾತೇ ನಡೆಯಬೇಕು. ನಿಮ್ಮ ಮಗುವಿನ ಹೃದಯವನ್ನು ನೋಡಿದವರು ಅವರು.

ಹಂತ 1: ಆದದ್ದು ಯಾವ ಆಪರೇಷನ್ ಎಂದು ತಿಳಿದುಕೊಳ್ಳಿ

‘ಹೃದಯದಲ್ಲಿ ತೂತು ಇತ್ತು, ಮುಚ್ಚಿದರು’ ಎಂಬಷ್ಟು ಸಾಲದು. ಹುಟ್ಟಿನಿಂದ ಬರುವ ಹೃದಯದ ದೋಷಗಳು ಹಲವು ಬಗೆ. ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ರಂಧ್ರ ಎ.ಎಸ್.ಡಿ., ಕೆಳಗಿನ ಎರಡು ಕೋಣೆಗಳ ನಡುವಿನ ರಂಧ್ರ ವಿ.ಎಸ್.ಡಿ. ಹುಟ್ಟಿದ ಕೆಲವು ದಿನಗಳಲ್ಲಿ ತಾನೇ ಮುಚ್ಚಿಕೊಳ್ಳಬೇಕಾದ ರಕ್ತನಾಳ ತೆರೆದೇ ಉಳಿದರೆ ಅದು ಪಿ.ಡಿ.ಎ. ರಂಧ್ರದ ಜೊತೆಗೆ ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿಯೂ ಕಿರಿದಾಗಿ, ತುಟಿ ಉಗುರು ನೀಲಿಗಟ್ಟುವ ದೋಷಕ್ಕೆ ಟೆಟ್ರಾಲಜಿ ಆಫ್ ಫ್ಯಾಲೋ ಎಂದು ಹೆಸರು.

ಆರೈಕೆಯ ಲೆಕ್ಕದಲ್ಲಿ ಮಕ್ಕಳನ್ನು ಮೂರು ಗುಂಪು ಮಾಡಬಹುದು. ಎದೆಯ ಮೂಳೆ ತೆರೆದು ಆಪರೇಷನ್ ಮಾಡಿಸಿಕೊಂಡವರು ಮೊದಲನೆಯವರು. ಎರಡನೆಯವರಿಗೆ ಎದೆ ತೆರೆದಿರುವುದಿಲ್ಲ, ತೊಡೆಯ ಸಂದಿನ ರಕ್ತನಾಳದಿಂದ ಕೊಳವೆ ತೂರಿಸಿ, ಪುಟ್ಟ ಛತ್ರಿಯಂಥ ಸಾಧನವನ್ನು ಕೂರಿಸಿ ರಂಧ್ರ ಮುಚ್ಚಿರುತ್ತಾರೆ. ಇವರು ಬೇಗ ಚೇತರಿಸಿಕೊಳ್ಳುತ್ತಾರೆ. ಮೂರನೆಯ ಗುಂಪಿನ ಮಕ್ಕಳಿಗೆ ಪೂರ್ತಿ ಸರಿಪಡಿಸುವ ಆಪರೇಷನ್ ಇನ್ನೂ ಆಗಿಲ್ಲ. ಶ್ವಾಸಕೋಶಕ್ಕೆ ರಕ್ತ ಹರಿಯಲೆಂದು ಸದ್ಯಕ್ಕೊಂದು ಸಣ್ಣ ಕೊಳವೆ ಹಾಕಿ ಕಳಿಸಿರುತ್ತಾರೆ. ಇದಕ್ಕೆ ಶಂಟ್ ಎನ್ನುತ್ತಾರೆ. ನನಗೆ ಹೆಚ್ಚು ಆತಂಕವಾಗುವುದು ಈ ಮೂರನೆಯ ಗುಂಪಿನ ಮಕ್ಕಳ ಬಗ್ಗೆ. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ.

ನಿಮ್ಮ ಮಗು ಯಾವ ಗುಂಪಿನದು ಎಂದು ಗೊತ್ತಿಲ್ಲದಿದ್ದರೆ ಡಿಸ್ಚಾರ್ಜ್ ಸಮ್ಮರಿಯನ್ನು, ಅಂದರೆ ಬಿಡುಗಡೆಯ ದಿನ ಕೊಟ್ಟ ವರದಿಯನ್ನು ಹತ್ತಿರದ ಸರ್ಕಾರಿ ಆಸ್ಪತ್ರೆಯ ಮಕ್ಕಳ ವೈದ್ಯರಿಗೆ ತೋರಿಸಿ ಕೇಳಿ.

ಹಂತ 2: ಒಂದು ಫೈಲ್ ಮಾಡಿ

ಆ ವರದಿಯೇ ಮಗುವಿನ ಜಾತಕ. ಅದರಲ್ಲಿ ಐದು ಸಂಗತಿಗಳಿವೆಯೇ ನೋಡಿಕೊಳ್ಳಿ: ಆಪರೇಷನ್ನಿನ ಹೆಸರು ಮತ್ತು ದಿನಾಂಕ, ಬಿಡುಗಡೆಯ ದಿನದ ತೂಕ, ಆ ದಿನ ಬೆರಳಿಗೆ ಕ್ಲಿಪ್ ಹಾಕಿ ನೋಡಿದ ಆಮ್ಲಜನಕದ ಪ್ರಮಾಣ, ಔಷಧಿಗಳ ಹೆಸರು ಮತ್ತು ಅಳತೆ, ಮುಂದಿನ ತಪಾಸಣೆಯ ದಿನಾಂಕ. ಯಾವುದಾದರೂ ಇಲ್ಲದಿದ್ದರೆ ಆಸ್ಪತ್ರೆಗೆ ಫೋನ್ ಮಾಡಿ ಕೇಳಿ ಬರೆದುಕೊಳ್ಳಿ.

ಆಮ್ಲಜನಕದ ಅಂಕಿ ಏಕೆ ಬೇಕು? ಪೂರ್ತಿ ಸರಿಪಡಿಸಿದ ಹೃದಯವಿದ್ದರೆ ಅದು ಸಾಮಾನ್ಯವಾಗಿ 95ರ ಮೇಲಿರುತ್ತದೆ. ಶಂಟ್ ಹಾಕಿದ ಮಗುವಿಗೆ 75ರಿಂದ 85 ಇದ್ದರೂ ಅದು ಆ ಮಗುವಿನ ಮಟ್ಟಿಗೆ ಸರಿಯೇ. ಇದು ತಿಳಿಯದ ಕಡೆ ಹೋದರೆ, ಮಾಮೂಲಿ ನೆಗಡಿಗೆಂದು ಹೋದ ಮಗುವನ್ನು ನೋಡಿ ಎಲ್ಲರೂ ಗಾಬರಿ ಬೀಳುತ್ತಾರೆ. ಇದಕ್ಕೆ ವಿರುದ್ಧವಾದದ್ದು ಇನ್ನೂ ಕೆಟ್ಟದ್ದು. ಮಗು 80ರಿಂದ 65ಕ್ಕೆ ಇಳಿದಿದ್ದರೂ ‘ಇದು ನೀಲಿ ಮಗು, ಹೀಗೇ ಇರುತ್ತದೆ’ ಎಂದು ಬಿಟ್ಟುಬಿಡುವ ಅಪಾಯವಿದೆ. ಆದ್ದರಿಂದ ಆ ಅಂಕಿಯನ್ನು ಫೈಲಿನ ಮುಖಪುಟದಲ್ಲೇ ದಪ್ಪ ಅಕ್ಷರದಲ್ಲಿ ಬರೆಯಿರಿ.

ಎಲ್ಲ ಕಾಗದಗಳ ಎರಡು ಜೆರಾಕ್ಸ್ ಮಾಡಿಸಿ, ಮೂಲ ಪ್ರತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿಡಿ. ಪ್ರತಿ ಪುಟದ ಫೋಟೋ ತೆಗೆದು ಗಂಡನ ಮೊಬೈಲ್, ಹೆಂಡತಿಯ ಮೊಬೈಲ್ ಎರಡರಲ್ಲೂ ಇಟ್ಟುಕೊಳ್ಳಿ. ಆಸ್ಪತ್ರೆಗೆ ಕೊಟ್ಟ ಫೋನ್ ನಂಬರ್ ಬದಲಾದರೆ ಅವರಿಗೆ ತಿಳಿಸಲೇಬೇಕು.

ಹಂತ 3: ಎತ್ತಿಕೊಳ್ಳುವ ರೀತಿ ಬದಲಿಸಿ

ಎದೆಯ ಮೂಳೆಯನ್ನು ನಡುವೆ ಸೀಳಿ, ಕೆಲಸ ಮುಗಿದ ಮೇಲೆ ತಂತಿಯಿಂದ ಅಥವಾ ಗಟ್ಟಿ ದಾರದಿಂದ ಬಿಗಿದಿರುತ್ತಾರೆ. ಅದು ಕೂಡಿಕೊಳ್ಳಲು 6ರಿಂದ 8 ವಾರ ಬೇಕು. ಅಲ್ಲಿಯವರೆಗೆ ಕಂಕುಳಲ್ಲಿ ಕೈ ಹಾಕಿ ಮಗುವನ್ನು ಎತ್ತಲೇಬಾರದು. ಒಂದು ಕೈ ಕುತ್ತಿಗೆ ಬೆನ್ನಿನ ಕೆಳಗೆ, ಇನ್ನೊಂದು ಕೈ ಕುಂಡೆಯ ಕೆಳಗೆ ಇಟ್ಟು, ಮೊರದಲ್ಲಿ ಕಾಳು ಎತ್ತಿದಂತೆ ಎತ್ತಬೇಕು. ಅಜ್ಜಿ, ಅತ್ತೆ, ಪಕ್ಕದ ಮನೆಯವರು, ಯಾರು ಮಗುವನ್ನು ಮುಟ್ಟುತ್ತಾರೋ ಅವರಿಗೆಲ್ಲ ಮಾಡಿ ತೋರಿಸಿ. ನೋಡಲು ಬಂದ ಮಾವ ಪ್ರೀತಿಯಿಂದ ತೋಳು ಹಿಡಿದು ಮೇಲಕ್ಕೆತ್ತಿ ಆಡಿಸುವುದು ಈ ದಿನಗಳಲ್ಲಿ ಆಗಾಗ ಆಗುವ ತಪ್ಪು.

ಬೈಕಿನಲ್ಲಿ ತಂದೆ ತಾಯಿಯ ನಡುವೆ ಮಗುವನ್ನು ಒತ್ತಿ ಕೂರಿಸಿಕೊಳ್ಳುವುದು, ತುಂಬಿ ತುಳುಕುವ ಟಂಟಂ ಆಟೊದಲ್ಲಿ ಹೋಗುವುದು ಬೇಡ. ಎದೆಗೆ ಪೆಟ್ಟು ಬಿದ್ದೀತು ಎಂಬುದೊಂದು ಕಾರಣ, ಕೆಮ್ಮುವವರ ನಡುವೆ ಸಿಕ್ಕಿಕೊಳ್ಳುತ್ತದೆ ಎಂಬುದು ಇನ್ನೊಂದು. ಕಾರಿನಲ್ಲಾದರೆ ಸೀಟ್ ಬೆಲ್ಟ್ ಹಾಕಿ, ಬೆಲ್ಟ್ ಮತ್ತು ಎದೆಯ ನಡುವೆ ಮಡಚಿದ ಟವೆಲ್ ಇಡಿ. ಬೆಂಗಳೂರಿನಿಂದ ಬರುವವರಿಗೆ ಬಸ್ಸಿಗಿಂತ ರೈಲು ಮೇಲು. ಮಗುವನ್ನು ಕೆಳಗಿನ ಬರ್ತಿನಲ್ಲಿ ಬೆನ್ನ ಮೇಲೆ ಮಲಗಿಸಬಹುದು.

ಸಾಧನ ಕೂರಿಸಿದ ಮಕ್ಕಳಿಗೆ ಮೂಳೆಯ ಚಿಂತೆಯಿಲ್ಲ. ತೊಡೆಯ ಸಂದಿನಲ್ಲಿ ಊತ, ರಕ್ತ ಒಸರುವುದು, ಕಾಲು ತಣ್ಣಗಾಗುವುದು ಇವನ್ನು ಮೊದಲ ಕೆಲವು ದಿನ ನೋಡುತ್ತಿರಬೇಕು.

ಹಂತ 4: ಗಾಯಕ್ಕೆ ಏನನ್ನೂ ಹಚ್ಚಬೇಡಿ

ಅರಿಸಿನ, ವಿಭೂತಿ, ಕೊಬ್ಬರಿ ಎಣ್ಣೆ, ಪೌಡರ್, ಯಾರೋ ಕೊಟ್ಟ ಮುಲಾಮು ಯಾವುದೂ ಬೇಡ. ಗಾಯ ಒಣಗಿರಬೇಕು, ಗಾಳಿಯಾಡಬೇಕು, ಅಷ್ಟೇ. ಸ್ನಾನ ಮಾಡಿಸಲು ಯಾವಾಗ ಶುರು ಮಾಡಬಹುದು ಎಂದು ಕೇಳಿಕೊಂಡಿರಿ. ಅಲ್ಲಿಯವರೆಗೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ. ಸ್ನಾನ ಶುರುವಾದ ಮೇಲೂ ಉಗುರುಬೆಚ್ಚಗಿನ ನೀರು ಸುರಿದು, ಸಾಬೂನನ್ನು ಗಾಯದ ಮೇಲೆ ಉಜ್ಜದೆ, ಮೆತ್ತಗಿನ ಹತ್ತಿ ಬಟ್ಟೆಯಿಂದ ಒತ್ತಿ ಒಣಗಿಸಬೇಕು. ನಮ್ಮ ಕಡೆ ಕೂಸಿಗೆ ಎಣ್ಣೆ ಹಚ್ಚಿ, ಕಾಲ ಮೇಲೆ ಬೋರಲು ಮಲಗಿಸಿ ತಿಕ್ಕಿ ಎರೆಯುತ್ತಾರೆ. ಎರೆಯುವ ಅಜ್ಜಿಗೆ ಎರಡು ತಿಂಗಳು ರಜೆ ಕೊಡಿ. ಮಗುವಿನ ಹತ್ತಿರ ಲೋಬಾನದ ಹೊಗೆಯೂ ಬೇಡ.

ಗಾಯದ ಸುತ್ತ ಕೆಂಪಾಗಿ ಬಿಸಿಯಾದರೆ, ಕೀವು ಬಂದರೆ, ಹೊಲಿಗೆ ಬಾಯಿ ಬಿಟ್ಟರೆ ಫೋಟೋ ತೆಗೆದು ಆಪರೇಷನ್ ಮಾಡಿದ ಆಸ್ಪತ್ರೆಗೆ ಕಳಿಸಿ, ಅದೇ ದಿನ ಹತ್ತಿರದ ವೈದ್ಯರಿಗೂ ತೋರಿಸಿ. ಎದೆಯ ಮೂಳೆ ಉಸಿರಾಡುವಾಗ ‘ಕಟ್ ಕಟ್’ ಎಂದು ಅಲುಗಾಡಿದಂತೆ ಅನಿಸಿದರೆ ತಡ ಮಾಡಲೇಬೇಡಿ.

ಹರಕೆಯ ವಿಷಯವೂ ಇಲ್ಲೇ ಬರುತ್ತದೆ. ಆಪರೇಷನ್ ಸುಗಮವಾಗಲಿ ಎಂದು ಹೊತ್ತ ಹರಕೆಯನ್ನು ತೀರಿಸಬೇಡಿ ಎಂದು ನಾನು ಯಾವ ತಾಯಿಗೂ ಹೇಳಿಲ್ಲ. ಆದರೆ ಬೀದರಿನ ಝರಣಿ ನರಸಿಂಹನಲ್ಲಿಗೆ ಎದೆಮಟ್ಟದ ನೀರಿನಲ್ಲಿ ಮಗುವನ್ನು ಹೊತ್ತು ಹೋಗುವುದು, ಶರಣಬಸವೇಶ್ವರ ಜಾತ್ರೆಯ ಅಥವಾ ಬಂದೇ ನವಾಜ್ ಉರುಸಿನ ನೂಕುನುಗ್ಗಲಿನಲ್ಲಿ ಹೊಗುವುದು ಮೂರು ತಿಂಗಳು ಕಳೆದ ಮೇಲೆ ಇರಲಿ. ಈಗ ಮನೆಯಲ್ಲೇ ಕಾಯಿ ಒಡೆಯಿರಿ.

ಹಂತ 5: ಔಷಧಿಯನ್ನು ಗಡಿಯಾರ ನೋಡಿ ಕೊಡಿ

ಹೆಚ್ಚಿನ ತಪ್ಪುಗಳು ಆಗುವುದು ಇಲ್ಲಿ. ಮಕ್ಕಳ ಹೃದಯದ ಔಷಧಿ ತೂಕಕ್ಕೆ ತಕ್ಕಂತೆ ಹನಿ ಲೆಕ್ಕದಲ್ಲಿರುತ್ತದೆ. ಚಮಚದ ಅಳತೆ ನಡೆಯುವುದಿಲ್ಲ, ಸೂಜಿಯಿಲ್ಲದ ಸಿರಿಂಜ್ ಬೇಕು.

ಸಾಮಾನ್ಯವಾಗಿ ಬರೆದುಕೊಡುವ ಔಷಧಿಗಳ ಕೆಲಸ ಏನೆಂದು ತಿಳಿದಿರಲಿ. ಫ್ಯುರೊಸೆಮೈಡ್ ಮೈಯಲ್ಲಿ ನಿಂತ ನೀರನ್ನು ಮೂತ್ರದಲ್ಲಿ ಹೊರಹಾಕುತ್ತದೆ. ದಿನಕ್ಕೆ ಎರಡು ಬಾರಿ ಇದ್ದರೆ ಎರಡನೆಯದನ್ನು ಸಂಜೆ ನಾಲ್ಕರ ಸುಮಾರಿಗೆ ಕೊಡಬಹುದೇ ಎಂದು ವೈದ್ಯರನ್ನು ಕೇಳಿ, ಮಗುವಿಗೆ ರಾತ್ರಿ ನಿದ್ದೆ ಬರುತ್ತದೆ. ಸ್ಪೈರೊನೊಲ್ಯಾಕ್ಟೋನ್ ಅದೇ ಕೆಲಸದಲ್ಲಿ ಅದರ ಜೊತೆಗಾರ. ಎನಾಲಾಪ್ರಿಲ್ ಹೃದಯದ ಹೊರೆ ಇಳಿಸುತ್ತದೆ. ಸಿಲ್ಡೆನಾಫಿಲ್ ಶ್ವಾಸಕೋಶದ ರಕ್ತನಾಳಗಳಲ್ಲಿ ಏರಿದ ಒತ್ತಡವನ್ನು ತಗ್ಗಿಸುತ್ತದೆ. ಈ ಹೆಸರು ಕೇಳಿ ಔಷಧಿ ಅಂಗಡಿಯಲ್ಲಿ ಯಾರಾದರೂ ‘ಇದು ದೊಡ್ಡವರದು, ಮಗುವಿಗೇಕೆ’ ಎಂದರೆ ಅಂಜಬೇಡಿ, ಚೀಟಿ ತೋರಿಸಿ. ಆಸ್ಪಿರಿನ್ ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ. ಶಂಟ್ ಇರುವ ಮಗುವಿಗೆ, ಸಾಧನ ಕೂರಿಸಿದ ಮಗುವಿಗೆ ಅದು ಬಹಳ ಮುಖ್ಯ. ಆಸ್ಪಿರಿನ್ ಕುಡಿಯುತ್ತಿರುವ ಮಗುವಿಗೆ ಸಿಡುಬಿನಂಥ ಗುಳ್ಳೆ, ಅಂದರೆ ಚಿಕನ್‌ಪಾಕ್ಸ್, ಅಥವಾ ಜೋರಾದ ಫ್ಲೂ ಜ್ವರ ಬಂದರೆ ತಕ್ಷಣ ಆಸ್ಪತ್ರೆಗೆ ಫೋನ್ ಮಾಡಬೇಕು. ಇಂಥ ಜ್ವರದಲ್ಲಿ ಆಸ್ಪಿರಿನ್‌ನಿಂದ ಅಪರೂಪಕ್ಕೆ ಮಿದುಳಿಗೂ ಯಕೃತ್ತಿಗೂ ಹಾನಿಯಾಗುವುದುಂಟು.

ಚಿತ್ತಾಪುರದ ಕಡೆಯ ಅಜ್ಜಿಯೊಬ್ಬರು ಕಂಡುಕೊಂಡ ಉಪಾಯವನ್ನು ನಾನು ಈಗ ಎಲ್ಲರಿಗೂ ಹೇಳಿಕೊಡುತ್ತೇನೆ. ಹಗಲಿಡೀ ಮಗುವನ್ನು ನೋಡಿಕೊಳ್ಳುತ್ತಿದ್ದವರು ಅವರೇ, ಓದಲು ಬರುತ್ತಿರಲಿಲ್ಲ. ಒಂದು ಔಷಧಿ 1.5 ಮಿ.ಲೀ., ಇನ್ನೊಂದು 0.8 ಮಿ.ಲೀ. ಅವರು ಮೊಮ್ಮಗಳ ಕೆಂಪು ನೇಲ್ ಪಾಲಿಶ್ ತರಿಸಿ, ಮೊದಲ ಸಿರಿಂಜಿನ ಮೇಲೆ 1.5ರ ಜಾಗದಲ್ಲಿ ಗೆರೆ ಎಳೆಸಿದರು. ಅದೇ ಔಷಧಿಯ ಬಾಟಲಿಯ ಮುಚ್ಚಳಕ್ಕೂ ಕೆಂಪು ಚುಕ್ಕೆ. ಇನ್ನೊಂದು ಸಿರಿಂಜಿಗೆ, ಅದರ ಬಾಟಲಿಗೆ ಹಸಿರು. ಗೆರೆ ಅಳಿಸದಿರಲೆಂದು ಮೇಲೆ ಪಾರದರ್ಶಕ ಟೇಪ್ ಅಂಟಿಸಿದರು. ಮೂರು ತಿಂಗಳಲ್ಲಿ ಒಂದು ಹನಿಯೂ ಹೆಚ್ಚುಕಡಿಮೆ ಆಗಲಿಲ್ಲ. ಒಂದು ಎಚ್ಚರಿಕೆ: ಅಳತೆ ಬದಲಾದ ದಿನ ಹಳೆಯ ಸಿರಿಂಜನ್ನು ಎಸೆದು ಹೊಸದಕ್ಕೆ ಗೆರೆ ಹಾಕಬೇಕು.

ಇನ್ನು ತಪ್ಪುಗಳು. ಒಂದು ಹೊತ್ತು ಮರೆತಿರೆಂದು ಮುಂದಿನ ಹೊತ್ತಿಗೆ ಎರಡು ಪಟ್ಟು ಕೊಡಬೇಡಿ, ಡೈಗಾಕ್ಸಿನ್ ಎಂಬ ಔಷಧಿಯಲ್ಲಂತೂ ಅದು ಪ್ರಾಣಕ್ಕೆ ಎರವಾಗಬಹುದು. ಮಗು ವಾಂತಿ ಮಾಡಿದರೆ ಮತ್ತೆ ಕೊಡಬೇಕೇ ಎಂದು ಪ್ರತಿ ಔಷಧಿಗೂ ಕೇಳಿ ಬರೆದುಕೊಳ್ಳಿ. ಮಾತ್ರೆಯನ್ನು ನೀರಿನಲ್ಲಿ ಕರಗಿಸಿ ಕೊಡಲು ಹೇಳಿದ್ದರೆ ಎಷ್ಟು ಮಿಲಿಗ್ರಾಂ ಮಾತ್ರೆ ಎಂಬುದನ್ನು ಪ್ರತಿ ಬಾರಿ ಕೊಳ್ಳುವಾಗ ನೋಡಿ. 20ರ ಬದಲು 40 ಕೊಟ್ಟರೆ ಅಳತೆ ಎರಡು ಪಟ್ಟಾಗುತ್ತದೆ. ಔಷಧಿ ಮುಗಿಯಿತೆಂದು ನಿಲ್ಲಿಸಬೇಡಿ, ಮಗು ಚೆನ್ನಾಗಿದೆಯೆಂದು ನಿಲ್ಲಿಸಬೇಡಿ. ಹಾಗೆಯೇ ವರ್ಷದ ಹಿಂದಿನ ಚೀಟಿ ಹಿಡಿದು ಅದೇ ಅಳತೆ ಕೊಡುತ್ತಲೂ ಇರಬೇಡಿ. ಮಗು ಬೆಳೆದಿದೆ, ಅಳತೆ ಹಿಂದೆಯೇ ಉಳಿದಿದೆ.

ನೋವು ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು, ಅದೂ ತೂಕದ ಲೆಕ್ಕದಲ್ಲಿ. ಐಬುಪ್ರೊಫೆನ್ ಬೆರೆತ ಸಿರಪ್, ಕೆಮ್ಮು ನೆಗಡಿಯ ಸಿರಪ್‌ಗಳನ್ನು ಕೇಳದೆ ಕೊಡಬೇಡಿ. ಕೃತಕ ಕವಾಟ, ಅಂದರೆ ವಾಲ್ವ್ ಹಾಕಿದ ಮಕ್ಕಳಿಗೆ ವಾರ್ಫರಿನ್ ಅಥವಾ ಅಸಿಟ್ರೋಮ್ ಬರೆದಿರುತ್ತಾರೆ. ಅವರಿಗೆ ಐ.ಎನ್.ಆರ್. ಎಂಬ ರಕ್ತಪರೀಕ್ಷೆ, ಅಂದರೆ ರಕ್ತ ಎಷ್ಟು ಹೊತ್ತಿಗೆ ಹೆಪ್ಪುಗಟ್ಟುತ್ತದೆ ಎಂದು ನೋಡುವುದು, ಹೇಳಿದ ದಿನಕ್ಕೆ ಆಗಲೇಬೇಕು. ಈ ಮಕ್ಕಳಿಗೆ ಸೊಂಟಕ್ಕೆ ಇಂಜೆಕ್ಷನ್ ಹಾಕಿಸಬಾರದು, ಒಳಗೇ ರಕ್ತ ಕಟ್ಟುತ್ತದೆ. ಊರಿನಲ್ಲಿ ಜ್ವರವೆಂದರೆ ಮೊದಲು ಸೂಜಿ ಚುಚ್ಚುವವರಿದ್ದಾರೆ, ಅಲ್ಲಿ ನೀವು ಗಟ್ಟಿಯಾಗಿ ಬೇಡ ಎನ್ನಬೇಕು. ಪುಂಡಿ ಪಲ್ಯ, ಮೆಂತ್ಯೆ, ರಾಜಗಿರಿಯಂಥ ಸೊಪ್ಪು ಈ ಔಷಧಿಯ ಬಲವನ್ನು ಕುಗ್ಗಿಸುತ್ತವೆ. ಅದಕ್ಕಾಗಿ ಸೊಪ್ಪು ಬಿಡಬೇಕಿಲ್ಲ, ವಾರ ವಾರವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿನ್ನಿಸಿ. ಒಂದು ವಾರ ಬಿಟ್ಟು ಇನ್ನೊಂದು ವಾರ ದಿನಾ ತಿನ್ನಿಸಿದರೆ ಲೆಕ್ಕ ಕೆಡುತ್ತದೆ.

ಹಂತ 6: ಮಲಗಿರುವ ಮಗುವಿನ ಉಸಿರು ಎಣಿಸಿ

ಇದಕ್ಕೆ ಯಂತ್ರ ಬೇಡ, ಓದು ಬೇಡ. ಮಗು ಗಾಢ ನಿದ್ದೆಯಲ್ಲಿರುವಾಗ ಅಂಗಿ ಎತ್ತಿ ಹೊಟ್ಟೆಯ ಮೇಲೆ ಕಣ್ಣಿಡಿ. ಹೊಟ್ಟೆ ಒಮ್ಮೆ ಏರಿ ಇಳಿದರೆ ಒಂದು ಉಸಿರು. ಮೊಬೈಲಿನ ಗಡಿಯಾರದಲ್ಲಿ ಪೂರ್ತಿ ಒಂದು ನಿಮಿಷ ಎಣಿಸಿ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಬೇಡಿ, ಕೂಸುಗಳ ಉಸಿರು ಒಂದೇ ಸಮ ಇರುವುದಿಲ್ಲ. ಎರಡು ತಿಂಗಳೊಳಗಿನ ಮಗುವಿಗೆ 60, ಎರಡರಿಂದ ಹನ್ನೆರಡು ತಿಂಗಳವರೆಗೆ 50, ಒಂದರಿಂದ ಐದು ವರ್ಷದವರೆಗೆ 40, ಅದಕ್ಕೆ ಮುಟ್ಟಿದರೆ ಅಥವಾ ದಾಟಿದರೆ ವೇಗದ ಉಸಿರು ಎಂದು ಲೆಕ್ಕ. ನಿಮ್ಮ ಆಶಾ ಕಾರ್ಯಕರ್ತೆಗೂ ಈ ಅಂಕಿಗಳು ಗೊತ್ತು, ಒಮ್ಮೆ ಜೊತೆಗೆ ಕುಳಿತು ಎಣಿಸಿ ಅಭ್ಯಾಸ ಮಾಡಿಕೊಳ್ಳಿ.

ಮೊದಲ ತಿಂಗಳು ದಿನಕ್ಕೊಮ್ಮೆ ಎಣಿಸಿ ಕ್ಯಾಲೆಂಡರಿನ ಆ ದಿನದ ಮನೆಯಲ್ಲಿ ಬರೆಯಿರಿ. 34, 36, 35 ಎಂದು ಬರುತ್ತಿದ್ದದ್ದು 44, 48 ಆಯಿತೆಂದರೆ, ಮಗು ನಗುತ್ತಿದ್ದರೂ ಒಳಗೆ ಏನೋ ಬದಲಾಗಿದೆ. ಆ ಕ್ಯಾಲೆಂಡರನ್ನು ತಪಾಸಣೆಗೆ ಒಯ್ದರೆ ವೈದ್ಯರಿಗೆ ಬಹಳ ಉಪಯೋಗ.

ಈ ಕೆಳಗಿನವು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಕರೆ ಮಾಡಿ, ಹೊರಡುವಾಗ ಫೈಲ್ ಕೈಯಲ್ಲಿರಲಿ.

- ಉಸಿರಾಡುವಾಗ ಪಕ್ಕೆ ಒಳಕ್ಕೆ ಎಳೆಯುವುದು, ಮೂಗಿನ ಹೊಳ್ಳೆ ಅರಳುವುದು, ನರಳುವುದು
- ತುಟಿ, ನಾಲಿಗೆ ಹೊಸದಾಗಿ ನೀಲಿಯಾಗುವುದು, ಅಥವಾ ಇದ್ದ ನೀಲಿ ಗಾಢವಾಗುವುದು
- ಕಣ್ಣು ಕತ್ತಲಿಟ್ಟು ಬೀಳುವುದು, ಎದೆ ಬಡಿತ ಎಣಿಸಲಾಗದಷ್ಟು ಓಡುವುದು
- ಮಗು ಬೂದಿ ಬಣ್ಣಕ್ಕೆ ತಿರುಗಿ ತಣ್ಣಗೆ ಬೆವರುವುದು, ಎಬ್ಬಿಸಿದರೂ ಏಳದಷ್ಟು ಮಂಕಾಗುವುದು
- ಶಂಟ್ ಇರುವ ಮಗುವಿಗೆ ವಾಂತಿ ಅಥವಾ ಭೇದಿ

ಅದೇ ದಿನ ವೈದ್ಯರನ್ನು ಕಾಣಬೇಕಾದವು ಬೇರೆ: ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಮುಖ ಕಾಲು ಊದಿದರೆ, ಮೂತ್ರ ಕಡಿಮೆಯಾದರೆ, ಹಾಲು ಕುಡಿಯುವಾಗ ಮತ್ತೆ ಹಣೆ ಬೆವರತೊಡಗಿದರೆ.

ಜ್ವರದ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ಆಪರೇಷನ್ ಆಗಿ ಒಂದರಿಂದ ಆರು ವಾರದೊಳಗೆ ಜ್ವರ, ಎದೆನೋವು, ಸುಸ್ತು, ಏನೂ ಸೇರದ ವಾಂತಿ ಬಂದರೆ ಹೃದಯದ ಹೊರಚೀಲದಲ್ಲಿ ನೀರು ತುಂಬಿರಬಹುದು. ಎಕೋ, ಅಂದರೆ ಹೃದಯದ ಸ್ಕ್ಯಾನಿಂಗ್ ಮಾಡಿದರೆ ಅದು ಸ್ಪಷ್ಟವಾಗಿ ಕಾಣುತ್ತದೆ. ಹೊಟ್ಟೆಯ ತೊಂದರೆ ಎಂದುಕೊಂಡು ನಾಲ್ಕು ದಿನ ಕಳೆದರೆ ಕಷ್ಟ. ಇನ್ನೊಂದು, ಹೃದಯದ ಒಳಪದರಕ್ಕೆ ಸೋಂಕು ತಗಲಿದ್ದರೆ ಅದನ್ನು ಪತ್ತೆ ಮಾಡುವುದು ಬ್ಲಡ್ ಕಲ್ಚರ್ ಎಂಬ ಪರೀಕ್ಷೆಯಿಂದ. ಆ್ಯಂಟಿಬಯೋಟಿಕ್ ಒಮ್ಮೆ ಹೊಟ್ಟೆಗೆ ಹೋದರೆ ಆ ಪರೀಕ್ಷೆಯಲ್ಲಿ ರೋಗಾಣು ಸಿಗದೇ ಹೋಗಬಹುದು. ಆದ್ದರಿಂದ ಹೊಸ ವೈದ್ಯರ ಬಳಿ ಹೋದಾಗ ಮೊದಲ ಮಾತೇ ಇದಾಗಿರಲಿ: ‘ಮಗುವಿಗೆ ಹೃದಯದ ಆಪರೇಷನ್ ಆಗಿದೆ. ಆ್ಯಂಟಿಬಯೋಟಿಕ್ ಕೊಡುವ ಮೊದಲು ಬ್ಲಡ್ ಕಲ್ಚರ್ ಬೇಕಾಗುತ್ತದೆಯೇ?’

ದೃಷ್ಟಿ ತೆಗೆದರೆ ಮಗುವಿಗೆ ನಷ್ಟವಿಲ್ಲ. ಬರೆ ಹಾಕಿಸಬೇಡಿ. ಉಸಿರಾಟ ಜೋರಾಯಿತೆಂದು ಹೊಟ್ಟೆಗೆ ಬರೆ ಹಾಕಿಸಿ ತಂದ ಕೂಸುಗಳನ್ನು ಎತ್ತಿಕೊಂಡ ಕೈ ನನ್ನದು. ಆ ಸುಟ್ಟ ಗಾಯವೇ ರಕ್ತಕ್ಕೆ ಸೋಂಕು ಹೊಗುವ ಬಾಗಿಲಾಗುತ್ತದೆ.

ಹಂತ 7: ಊಟ, ನೀರು, ಬಿಸಿಲು

ಎದೆಹಾಲು ಕುಡಿಯುವ ಮಗುವಿಗೆ ಎದೆಹಾಲೇ, ಸ್ವಲ್ಪ ಸ್ವಲ್ಪವಾಗಿ ಹಲವು ಬಾರಿ. ದೊಡ್ಡ ಮಕ್ಕಳಿಗೆ ಮನೆಯ ಊಟವೇ ಔಷಧಿ: ಮೆತ್ತಗಿನ ಜೋಳದ ರೊಟ್ಟಿಯನ್ನು ತೊಗರಿ ಬೇಳೆಯ ಸಾರಿನಲ್ಲಿ ನೆನೆಸಿ, ಮೇಲೊಂದಿಷ್ಟು ತುಪ್ಪ ಹಾಕಿ ಕೊಡಿ. ಮೊಟ್ಟೆ ತಿನ್ನುವವರು ಮೊಟ್ಟೆ ಕೊಡಿ. ಫ್ಯುರೊಸೆಮೈಡ್ ನಡೆಯುತ್ತಿರುವವರೆಗೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಿರ್ಚಿ ಭಜಿ, ಪ್ಯಾಕೆಟ್ ಚಿಪ್ಸ್ ಬೇಡ, ಉಪ್ಪು ಮೈಯಲ್ಲಿ ನೀರು ಹಿಡಿದಿಡುತ್ತದೆ. ಶೇಂಗಾ ಹಿಂಡಿ ಬೇಕೆಂದು ಹಠ ಹಿಡಿದರೆ ಉಪ್ಪು ಕಡಿಮೆ ಹಾಕಿ ಬೇರೆಯಾಗಿ ಕುಟ್ಟಿಕೊಡಿ. ಎದೆಯಲ್ಲಿ ಹಾಲಿನಂಥ ದ್ರವ ಸೇರಿತ್ತು ಎಂದು ಹೇಳಿ ಕೊಬ್ಬಿಲ್ಲದ ಊಟ ಬರೆದುಕೊಟ್ಟಿದ್ದರೆ ಮಾತ್ರ ತುಪ್ಪವೂ ಬೇಡ, ಶೇಂಗಾವೂ ಬೇಡ.

ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ತೂಕ ನೋಡಿಸಿ, ಒಂದೇ ತಕ್ಕಡಿ ಇರಲಿ. ತೂಕ ಮೆಲ್ಲಗೆ ಏರಿದರೆ ಸಂತೋಷ. ಎರಡೇ ದಿನದಲ್ಲಿ ಏರಿದರೆ ಅದು ಮೈ ತುಂಬಿದ್ದಲ್ಲ, ನೀರು ನಿಂತದ್ದು.

ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲು ಬೆಂಗಳೂರಿನ ವೈದ್ಯರ ಕಣ್ಣ ಮುಂದೆ ಇರುವುದಿಲ್ಲ. 42, 43 ಡಿಗ್ರಿಯಲ್ಲಿ ಮೂತ್ರ ಹೆಚ್ಚಿಸುವ ಔಷಧಿ ಕುಡಿಯುವ ಮಗು ಬೇಗ ಒಣಗುತ್ತದೆ. ಬೇಸಿಗೆಗೆ ಮೊದಲೇ ಫೋನ್ ಮಾಡಿ ಕೇಳಿ: ನೀರಿನ ಮಿತಿ ಇದೆಯೇ, ಬಿಸಿಲು ಏರಿದಾಗ ಅಳತೆ ಬದಲಿಸಬೇಕೇ, ಭೇದಿಯಾದರೆ ಓ.ಆರ್.ಎಸ್. ಎಷ್ಟು ಕೊಡಬೇಕು? ಶಂಟ್ ಇರುವ ಮಗುವಿನ ಬಗ್ಗೆ ಆತಂಕ ಎಂದೆನಲ್ಲ, ಕಾರಣ ಇದೇ. ಮೈಯಲ್ಲಿ ನೀರು ಕಡಿಮೆಯಾದರೆ ರಕ್ತ ಗಟ್ಟಿಯಾಗಿ ಆ ಸಣ್ಣ ಕೊಳವೆ ಕಟ್ಟಿಕೊಳ್ಳಬಹುದು. ಶ್ವಾಸಕೋಶಕ್ಕೆ ರಕ್ತ ಹೋಗಲು ಕೆಲವು ಮಕ್ಕಳಿಗೆ ಅದೊಂದೇ ದಾರಿ.

ಹಂತ 8: ಲಸಿಕೆ, ಹಲ್ಲು, ಜವಳ

ತಾಯಿ ಕಾರ್ಡಿನಲ್ಲಿ ಆಪರೇಷನ್ ದಿನಾಂಕ ಬರೆಸಿ. ಲಸಿಕೆಗಳನ್ನು ಸಾಮಾನ್ಯವಾಗಿ ಕೆಲವು ವಾರ ಮುಂದೂಡುತ್ತಾರೆ, ಬಿಡುವುದಿಲ್ಲ. ಆಪರೇಷನ್ ಸಮಯದಲ್ಲಿ ರಕ್ತ ಕೊಟ್ಟಿದ್ದರೆ ದಡಾರ-ರುಬೆಲ್ಲಾ ಲಸಿಕೆ ಇನ್ನೂ ಕೆಲವು ತಿಂಗಳು ಮುಂದಕ್ಕೆ ಹೋಗಬಹುದು. ದಿನಾಂಕವನ್ನು ಹೃದ್ರೋಗ ವೈದ್ಯರಿಂದಲೇ ಬರೆಸಿಕೊಳ್ಳಿ.

ಹಲ್ಲು ಹುಳುಕಾದರೆ ಬಾಯಿಯ ರೋಗಾಣು ರಕ್ತಕ್ಕಿಳಿದು ಹೃದಯದಲ್ಲಿ ಕೂರಬಹುದು. ದಿನಕ್ಕೆರಡು ಬಾರಿ ಹಲ್ಲುಜ್ಜಿಸಿ. ರಂಧ್ರ ಮುಚ್ಚಲು ತೇಪೆ ಅಥವಾ ಸಾಧನ ಹಾಕಿದ ಮೊದಲ ಆರು ತಿಂಗಳು, ಕೃತಕ ಕವಾಟ ಇದ್ದರೆ, ತೇಪೆಯ ಅಂಚಿನಲ್ಲಿ ಸೋರಿಕೆ ಉಳಿದಿದ್ದರೆ, ನೀಲಿ ಉಳಿದಿದ್ದರೆ ಹಲ್ಲು ಕೀಳಿಸುವ ಮೊದಲು ಒಂದು ಹೊತ್ತಿನ ಆ್ಯಂಟಿಬಯೋಟಿಕ್ ಬೇಕು. ದಂತವೈದ್ಯರಿಗೆ ಕುರ್ಚಿಯಲ್ಲಿ ಕೂರುವ ಮುಂಚೆಯೇ ಹೇಳಿ. ಜವಳ, ಕಿವಿ ಚುಚ್ಚಿಸುವುದನ್ನೂ ಆರು ತಿಂಗಳು ಮುಂದಕ್ಕೆ ಹಾಕಿ, ವೈದ್ಯರನ್ನು ಕೇಳಿ ಮಾಡಿಸಿ. ಹಚ್ಚೆ ಬೇಡ.

ಹಂತ 9: ತಪಾಸಣೆಯ ದಿನ ತಪ್ಪಿಸಬೇಡಿ

ಈ ಲೇಖನ ಬರೆಯಲು ಕುಳಿತದ್ದೇ ಈ ಒಂದು ಮಾತಿಗಾಗಿ. ಮಗು ದುಂಡಗಾಯಿತು, ಓಡಿ ಆಡುತ್ತಿದೆ, ಇನ್ನೇಕೆ ಅಷ್ಟು ದೂರ ಹೋಗುವುದು ಎಂದು ಮನಸ್ಸು ಹೇಳುತ್ತದೆ. ಎರಡು ವರ್ಷದವನಿದ್ದಾಗ ಟೆಟ್ರಾಲಜಿಗೆ ಆಪರೇಷನ್ ಆದ ಹುಡುಗನೊಬ್ಬನನ್ನು ಹನ್ನೊಂದನೆಯ ವಯಸ್ಸಿನಲ್ಲಿ ನಮ್ಮಲ್ಲಿಗೆ ತಂದರು. ನಡುವೆ ಒಮ್ಮೆಯೂ ತೋರಿಸಿರಲಿಲ್ಲ. ಶ್ವಾಸಕೋಶದ ಕಡೆಯ ಕವಾಟ ಸೋರಿ ಸೋರಿ ಹೃದಯದ ಬಲಭಾಗ ಹಿಗ್ಗಿಹೋಗಿತ್ತು. ಆ ಸೋರಿಕೆ ಟೆಟ್ರಾಲಜಿಯ ಆಪರೇಷನ್ ಆದ ಬಹಳ ಮಕ್ಕಳಲ್ಲಿ ಇರುವಂಥದೇ. ವರ್ಷ ವರ್ಷ ನೋಡುತ್ತಿದ್ದರೆ, ಕವಾಟ ಬದಲಿಸಲು ಸರಿಯಾದ ಹೊತ್ತು ಯಾವುದೆಂದು ವೈದ್ಯರು ಹೇಳುತ್ತಿದ್ದರು. ಅವನ ತಂದೆ ತಾಯಿ ಅಲಕ್ಷ್ಯ ಮಾಡಿದವರಲ್ಲ. ವಾಸಿಯಾಗಿದೆ ಎಂದೇ ನಂಬಿದ್ದರು.

ತಪಾಸಣೆ ಸಾಮಾನ್ಯವಾಗಿ ಬಿಡುಗಡೆಯಾದ ಒಂದೆರಡು ವಾರಕ್ಕೆ, ಆಮೇಲೆ 1, 3, 6 ತಿಂಗಳಿಗೆ, ಒಂದು ವರ್ಷಕ್ಕೆ, ಬಳಿಕ ವರ್ಷಕ್ಕೊಮ್ಮೆ ಇರುತ್ತದೆ. ಸರಳ ಪಿ.ಡಿ.ಎ., ಎ.ಎಸ್.ಡಿ. ಇದ್ದವರಿಗೆ ಕ್ರಮೇಣ ಅಂತರ ಹೆಚ್ಚುತ್ತದೆ. ಟೆಟ್ರಾಲಜಿ, ಶಂಟ್, ಕವಾಟದವರಿಗೆ ಇದು ಜೀವನಪೂರ್ತಿ.

ಪ್ರತಿ ಬಾರಿಯೂ ಬೆಂಗಳೂರಿಗೇ ಹೋಗಬೇಕೇ? ಮೊದಲ ಒಂದೆರಡು ತಪಾಸಣೆ ಆಪರೇಷನ್ ಮಾಡಿದಲ್ಲೇ ಆಗಲಿ. ಆಮೇಲೆ ‘ಎಕೋ ಇಲ್ಲೇ ಮಾಡಿಸಿ ವರದಿ ಕಳಿಸಬಹುದೇ’ ಎಂದು ಅವರನ್ನೇ ಕೇಳಿ. ಕಲಬುರಗಿಯ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಹೊಸ ಕಟ್ಟಡ 2024ರ ಡಿಸೆಂಬರಿನಲ್ಲಿ ಉದ್ಘಾಟನೆಯಾಗಿದೆ. ಮಕ್ಕಳ ಹೃದಯ ನೋಡುವ ತಜ್ಞರು ಯಾವ ದಿನ ಸಿಗುತ್ತಾರೆ ಎಂದು ಮೊದಲೇ ವಿಚಾರಿಸಿಕೊಂಡು ಹೋಗಿ. ಬೀದರಿನವರಿಗೆ ಬ್ರಿಮ್ಸ್, ಯಾದಗಿರಿಯವರಿಗೆ ಯಿಮ್ಸ್, ಅಂದರೆ ಅಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮಕ್ಕಳ ವಿಭಾಗ ಮೊದಲ ಮೆಟ್ಟಿಲಾಗಬಹುದು.

ಹಣದ ಮಾತು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ, ಅಂದರೆ ಅಂಗನವಾಡಿ ಮತ್ತು ಸರ್ಕಾರಿ ಶಾಲೆಗೆ ಬಂದು ಮಕ್ಕಳನ್ನು ತಪಾಸಿಸುವ ಆರ್.ಬಿ.ಎಸ್.ಕೆ. ತಂಡ, ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ಹುಟ್ಟು ಹೃದ್ರೋಗವನ್ನೂ ನೋಡುತ್ತದೆ. ಆಪರೇಷನ್ ಆದ ಮೇಲೂ ಆ ತಂಡದ ಸಂಪರ್ಕ ಬಿಡಬೇಡಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ನೆರವಿದೆ. ಎರಡನೆಯ ಆಪರೇಷನ್ ಬೇಕಾಗುವವರು ರೇಷನ್ ಕಾರ್ಡಿನಲ್ಲಿ ಮಗುವಿನ ಹೆಸರು ಸೇರಿದೆಯೇ, ಆಧಾರ್ ಆಗಿದೆಯೇ ಎಂದು ಈಗಲೇ ನೋಡಿ. ಆಸ್ಪತ್ರೆಯ ಕೌಂಟರಿನ ಮುಂದೆ ನಿಂತಾಗ ಇಲ್ಲವೆಂದು ತಿಳಿಯುವುದು ಬೇಡ.

ತೊಗರಿ ರಾಶಿಯ ದಿನಗಳಲ್ಲಿ, ಗುಳೆ ಹೋಗುವ ತಿಂಗಳುಗಳಲ್ಲಿ ತಪಾಸಣೆ ತಪ್ಪುವುದು ನನಗೆ ಗೊತ್ತು. ದಿನಾಂಕ ಬರೆಯುವಾಗಲೇ ‘ಜನವರಿ ನಮಗಾಗುವುದಿಲ್ಲ, ಡಿಸೆಂಬರಿನ ಮೊದಲು ಕೊಡಿ’ ಎಂದು ಹೇಳಿ, ವೈದ್ಯರು ಹೊಂದಿಸಿಕೊಡುತ್ತಾರೆ. ಪುಣೆಗೋ ಮುಂಬೈಗೋ ದುಡಿಯಲು ಹೋಗುವವರು ಫೈಲ್, ಎರಡು ತಿಂಗಳ ಔಷಧಿ ಒಯ್ಯಿರಿ. ಮಗುವನ್ನು ಅಜ್ಜಿಯ ಬಳಿ ಬಿಟ್ಟು ಹೋಗುವುದಾದರೆ ಫೈಲ್ ಮಗುವಿನ ಜೊತೆ ಇರಬೇಕು, ನಿಮ್ಮ ಟ್ರಂಕಿನಲ್ಲಲ್ಲ.

ಎಕೋಗೆ ಹೋಗುವಾಗ ಕೂಸಿಗೆ ಹೊಟ್ಟೆ ತುಂಬಿಸಿ, ನಿದ್ದೆಯ ಹೊತ್ತಿಗೆ ಹೊಂದಿಸಿಕೊಂಡು ಹೋದರೆ ಅಳುವುದಿಲ್ಲ. ನಿದ್ದೆ ಬರಿಸುವ ಔಷಧಿ ಕೊಡುತ್ತೇವೆ ಎಂದಿದ್ದರೆ ಮಾತ್ರ ಅವರು ಹೇಳಿದಷ್ಟು ಹೊತ್ತು ಏನೂ ಕೊಡಬಾರದು. ವೈದ್ಯರಿಗೆ ಇವಿಷ್ಟು ಕೇಳದೆ ಎದ್ದು ಬರಬೇಡಿ: ಸೋರಿಕೆ ಉಳಿದಿದೆಯೇ? ಬಡಿತದ ಲಯ ಸರಿಯಿದೆಯೇ? ಶ್ವಾಸಕೋಶದ ಒತ್ತಡ ಇಳಿದಿದೆಯೇ? ಯಾವ ಔಷಧಿ ನಿಲ್ಲುತ್ತದೆ, ಯಾವುದು ಮುಂದುವರಿಯುತ್ತದೆ?

ಹಂತ 10: ಶಾಲೆ, ಆಟ, ಮನಸ್ಸು

ಎದೆ ತೆರೆದ ಆಪರೇಷನ್ ಆದವರು ಸಾಮಾನ್ಯವಾಗಿ ಆರು ವಾರದ ಆಸುಪಾಸಿನಲ್ಲಿ ಶಾಲೆಗೆ ಹೋಗಬಹುದು. ಭಾರದ ಚೀಲ, ಸೈಕಲ್, ಮರ ಹತ್ತುವುದು, ಕಬಡ್ಡಿ, ಬಾವಿಯಲ್ಲಿ ಈಜು ಇವಕ್ಕೆ ಎರಡು ಮೂರು ತಿಂಗಳು ತಡೆ. ವೈದ್ಯರಿಂದ ಒಂದು ಚೀಟಿ ಬರೆಸಿ ಮುಖ್ಯೋಪಾಧ್ಯಾಯರಿಗೆ, ದೈಹಿಕ ಶಿಕ್ಷಕರಿಗೆ ಕೊಡಿ. ಅವಧಿ ಮುಗಿದ ಮೇಲೆ ವೈದ್ಯರು ಆಡಬಹುದು ಎಂದರೆ ಆಡಲು ಬಿಡಿ. ಜೀವನವಿಡೀ ಮೂಲೆಯಲ್ಲಿ ಕೂರಿಸಿದರೆ ಸರಿಹೋದ ಹೃದಯವೂ ದುರ್ಬಲವಾಗುತ್ತದೆ.

ಆಸ್ಪತ್ರೆಯಿಂದ ಬಂದ ಮಕ್ಕಳು ರಾತ್ರಿ ಚೀರುತ್ತಾರೆ, ಬಿಟ್ಟುಹೋಗಿದ್ದ, ಹಾಸಿಗೆಯಲ್ಲಿ ಮೂತ್ರ ಮಾಡುವ ಅಭ್ಯಾಸ ಮರಳುತ್ತದೆ, ಬಿಳಿ ಕೋಟು ಕಂಡರೆ ಅವಿತುಕೊಳ್ಳುತ್ತಾರೆ. ಬೈಯಬೇಡಿ. ಕೆಲವು ವಾರಗಳಲ್ಲಿ ಇಳಿಯುತ್ತದೆ. ಇಳಿಯದಿದ್ದರೆ ವೈದ್ಯರಿಗೆ ಹೇಳಿ.

ಹೆಣ್ಣುಮಗುವಿನ ಎದೆಯ ಕಲೆಯನ್ನು ಮುಚ್ಚಿಡಲು ಬಹಳ ಮನೆಗಳಲ್ಲಿ ಆಪರೇಷನ್ ಆದದ್ದನ್ನೇ ಮುಚ್ಚಿಡುತ್ತಾರೆ, ಕಾಗದ ಸುಡುತ್ತಾರೆ. ಮಾಡಬೇಡಿ. ನಾಳೆ ಅವಳು ಬಸುರಿಯಾದಾಗ ಹೃದಯದ ಮೇಲೆ ಬೀಳುವ ಭಾರವನ್ನು ಅಳೆಯಲು ಅದೇ ಕಾಗದ ಬೇಕು. ಹನ್ನೆರಡು ಹದಿಮೂರು ವಯಸ್ಸಿಗೆ ಅವಳಿಗೇ ತನ್ನ ಆಪರೇಷನ್ನಿನ ಹೆಸರು, ಔಷಧಿಯ ಹೆಸರು ಬಾಯಿಗೆ ಬರುವಂತೆ ಕಲಿಸಿ. ಗಂಡುಮಕ್ಕಳಿಗೂ ಅಷ್ಟೇ.

ಹಂತ 11: ಮುಂದಿನ ಮಗು

ಒಂದು ಮಗುವಿಗೆ ಹೃದಯದ ದೋಷವಿದ್ದರೆ ಮುಂದಿನದಕ್ಕೂ ಬರುವ ಸಾಧ್ಯತೆ ಉಳಿದವರಿಗಿಂತ ಸ್ವಲ್ಪ ಹೆಚ್ಚು. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗಿದ್ದರೆ ಅದನ್ನು ವೈದ್ಯರಿಗೆ ತಿಳಿಸಬೇಕು, ಮುಚ್ಚಿಡಬಾರದು. ಹೆಚ್ಚಿನ ಬಾರಿ ಮುಂದಿನ ಮಗು ಆರೋಗ್ಯವಾಗಿಯೇ ಹುಟ್ಟುತ್ತದೆ. ಆದರೂ ಬಸುರಿಯ 18ರಿಂದ 22 ವಾರದೊಳಗೆ ಹೊಟ್ಟೆಯೊಳಗಿನ ಮಗುವಿನ ಹೃದಯದ ಎಕೋ ಮಾಡಿಸಿ. ಮಾಮೂಲಿ ಸ್ಕ್ಯಾನಿಂಗ್ ಬೇರೆ, ಇದು ಬೇರೆ, ಹೆಸರು ಹೇಳಿಯೇ ಕೇಳಬೇಕು. ಹೋಗುವಾಗ ಮೊದಲ ಮಗುವಿನ ಫೈಲನ್ನೂ ಒಯ್ಯಿರಿ.